ಕಂಪನಿ ಮುಳುಗಿದ ಮೇಲೆ ಊರಿಗೆ ವಿಮಾನ ಹೇಗೆ ಮರಳುತ್ತದೆ?

ಸಣ್ಣ ಊರುಗಳ ವಿಮಾನ ಸಂಪರ್ಕದ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಗೆಂದು ಒಟ್ಟು ಮಾಡಿಕೊಂಡಿದ್ದೇವೆ. ಎಲ್ಲ ಪತ್ರಗಳ ಹಿಂದಿರುವುದು ಹೆಚ್ಚುಕಡಿಮೆ ಒಂದೇ ಅಳಲು: ಹಾರಿಸುತ್ತಿದ್ದ ಕಂಪನಿ ಬಾಗಿಲು ಹಾಕಿತು, ಇನ್ನು ನಮ್ಮ ಊರಿನ ಗತಿಯೇನು? ಮೊದಲ ಪತ್ರಕ್ಕೆ ದೀರ್ಘವಾಗಿ ಉತ್ತರಿಸಿ, ಉಳಿದವುಗಳಲ್ಲಿ ಆಯಾ ಊರಿನ ವಿಶೇಷವನ್ನು ಮಾತ್ರ ಹೇಳಿದ್ದೇನೆ.

ಪ್ರಶ್ನೆ: 2020ರಲ್ಲಿ ಬೀದರ್–ಬೆಂಗಳೂರು ವಿಮಾನ ಆರಂಭವಾದಾಗ ನಾವೆಲ್ಲ ಸಂಭ್ರಮಪಟ್ಟಿದ್ದೆವು. ಎರಡೇ ವರ್ಷಕ್ಕೆ ಆ ಕಂಪನಿಯೇ ನಿಂತುಹೋಯಿತು. ಆಮೇಲೆ ಇನ್ನೊಂದು ಬಂತು, ಹೋಯಿತು, ಮತ್ತೆ ಬಂತು. ದಾರಿಯಲ್ಲಿ ಬಸ್ಸು ಕೆಟ್ಟರೆ ಡಿಪೋದಿಂದ ಇನ್ನೊಂದನ್ನು ಕಳಿಸುತ್ತಾರೆ. ವಿಮಾನಕ್ಕೆ ಅಂಥ ವ್ಯವಸ್ಥೆ ಯಾಕಿಲ್ಲ? ಮುಳುಗಿದ ಕಂಪನಿಯ ಮಾರ್ಗವನ್ನು ಇನ್ನೊಬ್ಬರಿಗೆ ಯಾರು ಕೊಡುತ್ತಾರೆ?
— ಬೀದರ್‌ನ ಓದುಗರೊಬ್ಬರು

ಉತ್ತರ: ನಿಮ್ಮ ಬಸ್ಸಿನ ಹೋಲಿಕೆಯಿಂದಲೇ ಆರಂಭಿಸೋಣ. ಸಾರಿಗೆ ನಿಗಮದಲ್ಲಿ ಬಸ್ಸು, ಚಾಲಕ, ಡಿಪೋ, ಪರ್ಮಿಟ್ಟು, ನಷ್ಟ ಹೊರುವ ಬೊಕ್ಕಸ ಎಲ್ಲವೂ ಒಂದೇ ಮನೆಯವು. ವಿಮಾನದಲ್ಲಿ ಹಾಗಿಲ್ಲ. ವಿಮಾನ ಸಾಮಾನ್ಯವಾಗಿ ಗುತ್ತಿಗೆಗೆ ತಂದದ್ದು, ಅದರ ಒಡೆಯ ಐರ್ಲೆಂಡಿನಲ್ಲೋ ಸಿಂಗಪುರದಲ್ಲೋ ಇರುವ ಬಾಡಿಗೆ ಕಂಪನಿ. ಪೈಲಟ್‌ನ ಪರವಾನಗಿಯಲ್ಲಿ ಯಾವ ಮಾದರಿಯ ವಿಮಾನವೆಂಬುದು ನಮೂದಾಗಿರುತ್ತದೆ, ಆ ಮಾದರಿಯನ್ನು ಬಿಟ್ಟು ಬೇರೆಯದನ್ನು ಅವರು ಹೊಸ ತರಬೇತಿಯಿಲ್ಲದೆ ಹಾರಿಸುವಂತಿಲ್ಲ. ಬೆಂಗಳೂರಿನಂಥ ದಟ್ಟಣೆಯ ನಿಲ್ದಾಣದಲ್ಲಿ ಇಳಿಯುವ ಮತ್ತು ಏರುವ ಸಮಯ, ಅಂದರೆ ಸ್ಲಾಟ್, ಬೇರೆಯೇ ಹಂಚಿಕೆಗೆ ಒಳಪಟ್ಟದ್ದು. ಸಹಾಯಧನವಿದ್ದರೆ ಅದರ ಕರಾರು ದೆಹಲಿಯ ಕಡತದಲ್ಲಿರುತ್ತದೆ. ಕಂಪನಿ ನಿಂತ ದಿನ ಈ ನಾಲ್ಕೂ ನಾಲ್ಕು ದಿಕ್ಕಿಗೆ ಹೋಗುತ್ತವೆ. ‘ಬೀದರ್–ಬೆಂಗಳೂರು ಮಾರ್ಗ’ ಎಂಬ ವಸ್ತು ಯಾರ ಕೈಯಲ್ಲೂ ಉಳಿದಿರುವುದಿಲ್ಲ, ಆದ್ದರಿಂದ ಅದನ್ನು ಎತ್ತಿ ಇನ್ನೊಬ್ಬರಿಗೆ ಕೊಡುವ ಪ್ರಶ್ನೆಯೂ ಬರುವುದಿಲ್ಲ. ಇನ್ನೊಬ್ಬರು ಬಂದು ಈ ನಾಲ್ಕನ್ನೂ ಮತ್ತೆ ಮೊದಲಿನಿಂದ ಕೂಡಿಸಬೇಕು.

ನಿಮ್ಮ ಊರಿನ ಕಥೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಹೈದರಾಬಾದ್ ವಿಮಾನ ನಿಲ್ದಾಣದ ಒಪ್ಪಂದದಲ್ಲಿ ಅದರ 150 ಕಿಲೋಮೀಟರ್ ವ್ಯಾಪ್ತಿಯೊಳಗೆ ಇನ್ನೊಂದು ನಾಗರಿಕ ನಿಲ್ದಾಣ ಬರಬಾರದೆಂಬ ಷರತ್ತಿದ್ದುದರಿಂದ, ಬೀದರ್‌ನಲ್ಲಿ ವಾಯುಪಡೆಯ ಒಳ್ಳೆಯ ರನ್‌ವೇ ಇದ್ದೂ ಜನರು ವರ್ಷಗಟ್ಟಲೆ ಸೂರ್ಯಕಿರಣ ತಂಡದ ಅಭ್ಯಾಸವನ್ನು ತಲೆಯೆತ್ತಿ ನೋಡುವುದಷ್ಟೇ ಆಗಿತ್ತು. ಕೊನೆಗೆ 2020ರ ಫೆಬ್ರವರಿಯಲ್ಲಿ ಹೈದರಾಬಾದ್ ಮೂಲದ ಟ್ರುಜೆಟ್, ಸಣ್ಣ ಊರುಗಳ ಹಾರಾಟಕ್ಕೆ ಸಹಾಯಧನ ಕೊಡುವ ಕೇಂದ್ರದ ಉಡಾನ್ ಯೋಜನೆಯಡಿ ಹಾರಾಟ ಆರಂಭಿಸಿತು. ಈ ಕಂಪನಿ ಉಡಾನ್‌ಗೆ ಹೊಸಬನಲ್ಲ. 2017ರ ಏಪ್ರಿಲ್ 27ರಂದು ಯೋಜನೆಯ ಮೊದಲ ವಿಮಾನಗಳು ಹೊರಟಾಗ ಶಿಮ್ಲಾ–ದೆಹಲಿಯ ಜೊತೆಗೆ ಕಡಪಾ–ಹೈದರಾಬಾದ್ ಮತ್ತು ನಾಂದೇಡ್–ಹೈದರಾಬಾದ್ ವಿಮಾನಗಳಿಗೂ ಅಂದೇ ಚಾಲನೆ ಸಿಕ್ಕಿತು, ಈ ಎರಡೂ ಟ್ರುಜೆಟ್‌ನವು. ಬೀದರ್ ಹಾರಾಟ ಶುರುವಾಗಿ ಎರಡು ತಿಂಗಳು ತುಂಬುವ ಮೊದಲೇ ಲಾಕ್‌ಡೌನ್ ಬಂತು. ಒಂದೆರಡು ವರ್ಷ ಎಳೆದಾಡಿ 2022ರ ಫೆಬ್ರವರಿಯಲ್ಲಿ ಕಂಪನಿ ಹಾರಾಟವನ್ನೇ ನಿಲ್ಲಿಸಿತು.

ಅದರ ಬಳಿಯಿದ್ದದ್ದು ಸುಮಾರು 70 ಆಸನಗಳ ಎಟಿಆರ್ 72 ಎಂಬ ಪಂಖದ ವಿಮಾನಗಳು. ಇದರಲ್ಲಿ ಹತ್ತಿದವರಿಗೆ ನೆನಪಿರಬಹುದು: ಪ್ರಯಾಣಿಕರು ಹತ್ತುವುದು ಹಿಂಬಾಗಿಲಿನಿಂದ, ಸಾಮಾನು ಹೋಗುವುದು ಮುಂಬಾಗಿಲಿನಿಂದ, ಹಿಂದೆ ಭಾರ ಹೆಚ್ಚಾಗಿ ವಿಮಾನ ಹಿಂದಕ್ಕೆ ವಾಲದಿರಲೆಂದು ಬಾಲದ ಕೆಳಗೊಂದು ಕಬ್ಬಿಣದ ಊರುಗೋಲು ಕೊಟ್ಟಿರುತ್ತಾರೆ. ಏರೋಬ್ರಿಜ್ ಬೇಡ, ಉದ್ದದ ರನ್‌ವೇ ಬೇಡ, ಇಂಧನವೂ ಕಡಿಮೆ ಸಾಕು. ಸಣ್ಣ ಊರಿಗೆ ಹೇಳಿ ಮಾಡಿಸಿದ ವಾಹನ. ಆದರೆ ದೇಶದಲ್ಲಿ ಎಟಿಆರ್ ಇಟ್ಟುಕೊಂಡಿದ್ದ ಕಂಪನಿಗಳೇ ಬೆರಳೆಣಿಕೆಯಷ್ಟು, ಅವುಗಳಲ್ಲಿ ಬಿಡುವಾಗಿ ನಿಂತ ವಿಮಾನ ಇನ್ನೂ ಅಪರೂಪ. ಹೀಗಾಗಿ ಬೀದರ್‌ಗೆ ಬದಲಿಯಾಗಿ ಬಂದದ್ದು ಎಟಿಆರ್ ಅಲ್ಲ. 2022ರ ಜೂನ್‌ನಲ್ಲಿ ಸ್ಟಾರ್ ಏರ್ ತನ್ನ 50 ಆಸನಗಳ ಎಂಬ್ರೇಯರ್ 145 ಜೆಟ್ ತಂದಿತು. ವೇಗ ಹೆಚ್ಚಾಯಿತು, ಆಸನ ಕಡಿಮೆಯಾಯಿತು, ಒಂದೊಂದು ಆಸನದ ಮೇಲೆ ಬೀಳುವ ವೆಚ್ಚ ಏರಿತು. ಬದಲಿ ಎಂದು ನಾವು ಕರೆಯುವುದು ಬಹಳಷ್ಟು ಸಲ ಹೀಗೆಯೇ ಇರುತ್ತದೆ, ಹೆಸರು ಅದೇ ಮಾರ್ಗದ್ದಾದರೂ ಒಳಗಿನ ಲೆಕ್ಕ ಬೇರೆ.

ನಾಲ್ಕು ತಿಂಗಳಲ್ಲಿ ಬದಲಿ ಸಿಕ್ಕಿದ್ದು ನಿಮ್ಮ ಅದೃಷ್ಟವೆಂದೇ ಹೇಳಬೇಕು. ಮಹಾರಾಷ್ಟ್ರದ ಜಳಗಾಂವ್ ನೋಡಿ. ಅಲ್ಲಿಗೆ ಉಡಾನ್‌ನಲ್ಲಿ ಮೊದಲು ಬಂದದ್ದು ಮರುಹುಟ್ಟು ಪಡೆದ ಏರ್ ಡೆಕ್ಕನ್, ಅದು ನಿಂತ ಮೇಲೆ 2019ರಲ್ಲಿ ಟ್ರುಜೆಟ್, ಅದೂ ನಿಂತ ಮೇಲೆ ಎರಡು ವರ್ಷ ಏನೂ ಇಲ್ಲ. 2024ರ ಏಪ್ರಿಲ್‌ನಲ್ಲಿ ಗೋವಾದ ಫ್ಲೈ91 ಬಂದ ನಂತರವೇ ಅಲ್ಲಿನ ಟರ್ಮಿನಲ್‌ನಲ್ಲಿ ಮತ್ತೆ ಜನ ಕಂಡರು.

ಈಗ ಸಹಾಯಧನದ ಕರಾರಿಗೆ ಬರೋಣ, ಏಕೆಂದರೆ ‘ಯಾರು ಕೊಡುತ್ತಾರೆ’ ಎಂಬ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಅಲ್ಲಿದೆ. ಉಡಾನ್‌ನಲ್ಲಿ ಮಾರ್ಗಗಳನ್ನು ಹರಾಜಿನ ತಲೆಕೆಳಗಾದ ರೂಪದಲ್ಲಿ ಹಂಚುತ್ತಾರೆ: ಅತಿ ಕಡಿಮೆ ಸಹಾಯಧನ ಕೇಳಿದವರಿಗೆ ಮಾರ್ಗ. ಗೆದ್ದವರು ಸುಮಾರು ಅರ್ಧದಷ್ಟು ಆಸನಗಳನ್ನು ಮಿತಿ ದರದಲ್ಲಿ ಮಾರಬೇಕು. ಯೋಜನೆ ಶುರುವಾದಾಗ ಒಂದು ಗಂಟೆಯ ಹಾರಾಟಕ್ಕೆ ಈ ದರ 2,500 ರೂಪಾಯಿ ಇತ್ತು. ಪ್ರತಿಯಾಗಿ ಮೂರು ವರ್ಷ ನಷ್ಟ ತುಂಬುವ ಹಣ, ಮೂರು ವರ್ಷ ಆ ಮಾರ್ಗದಲ್ಲಿ ಏಕಸ್ವಾಮ್ಯ, ನಿಲ್ದಾಣದ ಶುಲ್ಕಗಳಲ್ಲಿ ವಿನಾಯಿತಿ, ಇಂಧನದ ಮೇಲಿನ ರಾಜ್ಯ ತೆರಿಗೆಯಲ್ಲಿ ಕಡಿತ. ತುಂಬಿಕೊಡುವ ಹಣದಲ್ಲಿ ಸಾಮಾನ್ಯವಾಗಿ 80 ಪಾಲು ಕೇಂದ್ರದ ನಿಧಿಯದು, 20 ಪಾಲು ರಾಜ್ಯದ್ದು. ಕೇಂದ್ರದ ಆ ನಿಧಿಗೆ ಹಣ ಬರುವುದು ದೊಡ್ಡ ಮಾರ್ಗಗಳ ವಿಮಾನಗಳ ಮೇಲೆ ಹಾಕಿದ ಸುಂಕದಿಂದ. ಅಂದರೆ ಬೆಂಗಳೂರು–ದೆಹಲಿ ಪ್ರಯಾಣಿಕ ಬೀದರ್ ಪ್ರಯಾಣಿಕನಿಗೆ ತನಗೆ ಗೊತ್ತಿಲ್ಲದೆಯೇ ಒಂದಿಷ್ಟು ಕೈಗಡ ಕೊಟ್ಟಿರುತ್ತಾನೆ. ಗೆದ್ದ ಕಂಪನಿ ಕೈಯೆತ್ತಿದರೆ ಬ್ಯಾಂಕ್ ಖಾತರಿಯನ್ನು ಮುಟ್ಟುಗೋಲು ಹಾಕಿಕೊಂಡು, ಕರಾರು ರದ್ದು ಮಾಡಿ, ಮಾರ್ಗವನ್ನು ಮತ್ತೆ ಬಿಡ್‌ಗೆ ಇಡಬೇಕು. ಮೊದಲೇ ಮುಳುಗಿದವನಿಗೆ ಮುಟ್ಟುಗೋಲಿನ ಹೆದರಿಕೆ ಎಷ್ಟಿರುತ್ತದೆಂಬುದನ್ನು ನೀವೇ ಊಹಿಸಬಹುದು.

ಕಡಿಮೆ ಕೇಳಿದವನಿಗೆ ಗುತ್ತಿಗೆ ಎಂಬ ಪದ್ಧತಿಯಲ್ಲಿ, ಕಡಿಮೆ ಕೇಳಿದವನು ಜಾಣನೂ ಆಗಿರಬಹುದು, ಲೆಕ್ಕ ತಪ್ಪಿದವನೂ ಆಗಿರಬಹುದು. ಮೊದಲ ಸುತ್ತಿನಲ್ಲಿ ಹಂಚಿದ 128 ಮಾರ್ಗಗಳಲ್ಲಿ 50 ಏರ್ ಒಡಿಶಾಕ್ಕೆ, 34 ಏರ್ ಡೆಕ್ಕನ್‌ಗೆ ಹೋದವು. ಮೂರರಲ್ಲಿ ಎರಡು ಪಾಲು ಮಾರ್ಗಗಳು, ಇಪ್ಪತ್ತಕ್ಕಿಂತ ಕಡಿಮೆ ಆಸನಗಳ ಪುಟ್ಟ ವಿಮಾನಗಳನ್ನಿಟ್ಟುಕೊಂಡ ಎರಡು ಕಂಪನಿಗಳ ಕೈಯಲ್ಲಿ! ಅವುಗಳಲ್ಲಿ ಬಹುಪಾಲು ಆರಂಭವೇ ಆಗಲಿಲ್ಲ ಅಥವಾ ಕೆಲ ಕಾಲ ನಡೆದು ನಿಂತವು. ಮಹಾಲೇಖಪಾಲರ 2023ರ ವರದಿ ಮೂರನೆಯ ಸುತ್ತಿನವರೆಗೆ ಹಂಚಿದ 774 ಮಾರ್ಗಗಳನ್ನು ಪರಿಶೀಲಿಸಿತು. 403 ಮಾರ್ಗಗಳು ಶುರುವೇ ಆಗಿರಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷದ ಅವಧಿ ಮುಗಿಸಿದ್ದು 112, ಅವಧಿಯ ನಂತರವೂ, 2023ರ ಮಾರ್ಚ್ ವೇಳೆಗೆ, ನಡೆಯುತ್ತಿದ್ದದ್ದು ಬರೀ 54.

ಬೀದರ್‌ನ ಎರಡನೆಯ ನಿಲುಗಡೆಯನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು. 2023ರ ಕೊನೆಯ ಹೊತ್ತಿಗೆ ಹಾರಾಟ ನಿಂತಾಗ ಯಾವ ಕಂಪನಿಯೂ ಮುಳುಗಿರಲಿಲ್ಲ, ಆದರೂ ಮರಳಿ ವಿಮಾನ ಬರಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 2025ರ ಏಪ್ರಿಲ್‌ನಲ್ಲಿ ಸ್ಟಾರ್ ಏರ್ ಮತ್ತೆ ಹಾರಿಸಿದ್ದು ರಾಜ್ಯ ಸರ್ಕಾರ ನಷ್ಟ ತುಂಬಿಕೊಡಲು ಮುಂದಾದ ಮೇಲೆ. ಕಂಪನಿ ಮುಳುಗಿದಾಗ ನಾಲ್ಕು ತಿಂಗಳು, ಮುಳುಗದೆ ಹಿಂದೆ ಸರಿದಾಗ ಅದರ ಮೂರು–ನಾಲ್ಕು ಪಟ್ಟು. ಇದರಿಂದ ನನಗೆ ಕಾಣುವುದಿಷ್ಟು: ಊರಿಗೆ ವಿಮಾನ ಮರಳುವುದನ್ನು ನಿರ್ಧರಿಸುವುದು ಹಳೆಯ ಕಂಪನಿಯ ಸಾವಲ್ಲ, ಖಾಲಿ ಆಸನದ ಹಣವನ್ನು ಮುಂದೆ ಯಾರು ಕೊಡುತ್ತಾರೆಂಬುದು. ಬೆಂಗಳೂರು ನಿಮಗೆ ರಸ್ತೆಯಲ್ಲಿ ಸುಮಾರು 700 ಕಿಲೋಮೀಟರ್, ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. ಅದೇ ಹೈದರಾಬಾದ್‌ನ ದೊಡ್ಡ ನಿಲ್ದಾಣ ಕಾರಿನಲ್ಲಿ ಕೆಲವೇ ಗಂಟೆಗಳ ದಾರಿ. ಅನುಕೂಲಸ್ಥ ಪ್ರಯಾಣಿಕರು ಅತ್ತ ಹೋಗಿಬಿಡುತ್ತಾರೆ, ಬೀದರ್ ವಿಮಾನಕ್ಕೆ ಉಳಿಯುವ ಆಸನಗಳು ಆ ಕಾರಣಕ್ಕೇ ಖಾಲಿ.

ಪ್ರಶ್ನೆ: ಮೈಸೂರಿಗೆ ಎಷ್ಟು ಕಂಪನಿಗಳು ಬಂದು ಹೋದವು ಎಂಬುದು ನಮಗೇ ಮರೆತಿದೆ. ದಸರೆಯ ಊರಿಗೆ ಈ ಸ್ಥಿತಿ ಏಕೆ?
— ಮೈಸೂರು, ಕುವೆಂಪುನಗರದಿಂದ

ಉತ್ತರ: ಮರೆತವರಿಗಾಗಿ ಪಟ್ಟಿ ಒಪ್ಪಿಸುತ್ತೇನೆ. 2010ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಬೆಂಗಳೂರಿಗೆ ಹಾರಾಟ ಆರಂಭಿಸಿತು, 2011ರ ನವೆಂಬರ್‌ನಲ್ಲಿ ನಿಲ್ಲಿಸಿತು. 2013ರ ಆರಂಭದಲ್ಲಿ ಸ್ಪೈಸ್‌ಜೆಟ್ ಬಂತು, ಬಹಳ ದಿನ ನಿಲ್ಲಲಿಲ್ಲ. ನಡುವೆ ಏರ್ ಇಂಡಿಯಾದ ಅಂಗಸಂಸ್ಥೆಯಾಗಿದ್ದ ಅಲಯನ್ಸ್ ಏರ್ ಸ್ವಲ್ಪ ಕಾಲ ಪ್ರಯತ್ನಿಸಿತು. 2017ರ ಸೆಪ್ಟೆಂಬರ್‌ನಲ್ಲಿ ಟ್ರುಜೆಟ್ ಚೆನ್ನೈಗೆ ಹಾರಿಸಿತು, 2019ರಲ್ಲಿ ಅಲಯನ್ಸ್ ಏರ್ ಮರಳಿತು, ಆಮೇಲೆ ಇಂಡಿಗೋ.

ಈ ಸರಣಿಯಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೈಸೂರಿನ ನಿಲ್ದಾಣವಿರುವ ಮಂಡಕಳ್ಳಿಯ ರನ್‌ವೇ 1,740 ಮೀಟರ್, ಅದರಲ್ಲಿ ಎಟಿಆರ್‌ನಂಥ ವಿಮಾನಗಳಷ್ಟೇ ಸುಗಮವಾಗಿ ಇಳಿಯುತ್ತವೆ. ಸಾಮಾನ್ಯ ಊರಿನಲ್ಲಿ ಒಬ್ಬರು ಹೋದರೆ ದೇಶದ ಎಲ್ಲ ಕಂಪನಿಗಳೂ ಸಂಭಾವ್ಯ ಬದಲಿಗಳು, ಮೈಸೂರಿಗಾದರೆ ಪಂಖದ ವಿಮಾನವಿರುವ ಎರಡು ಮೂರು ಮನೆಗಳ ಬಾಗಿಲು ಮಾತ್ರ ತಟ್ಟಬಹುದು. ರನ್‌ವೇ ವಿಸ್ತರಣೆಯ ಬೇಡಿಕೆಯನ್ನು ಪ್ರತಿಷ್ಠೆಯ ವಿಷಯವೆಂದು ಕೆಲವರು ಲೇವಡಿ ಮಾಡುವುದುಂಟು, ನನಗೆ ಹಾಗೆ ಅನ್ನಿಸುವುದಿಲ್ಲ. ಅದು ಬದಲಿಗಳ ಸಂಖ್ಯೆಯನ್ನು ಹೆಚ್ಚಿಸುವ ಕೆಲಸ.

ಎರಡನೆಯದು, ಕಂಪನಿಗಳು ಬದಲಾದಂತೆ ಗಮ್ಯವೂ ಬದಲಾಗುತ್ತ ಬಂತು. ಮೈಸೂರಿನಿಂದ ಬೆಂಗಳೂರಿಗೆ ವಿಮಾನ ಹತ್ತುವುದು, ಸಂಪರ್ಕ ವಿಮಾನ ಹಿಡಿಯುವವರನ್ನು ಬಿಟ್ಟರೆ, ಯಾರಿಗೂ ಅಷ್ಟಾಗಿ ಬೇಡ. ರೈಲಿದೆ, 2023ರಿಂದ ದಶಪಥವೂ ಇದೆ. ಚೆನ್ನೈ, ಹೈದರಾಬಾದ್ ಎಂದಾಗ ಲೆಕ್ಕ ಬದಲಾಗುತ್ತದೆ. ಸತ್ತ ಮಾರ್ಗವನ್ನು ಅದೇ ರೂಪದಲ್ಲಿ ಎಬ್ಬಿಸುವ ಬದಲು ಇನ್ನೊಂದು ಮಾರ್ಗ ಹುಡುಕಿದ್ದರಿಂದಲೇ ಮೈಸೂರಿನಲ್ಲಿ ವಿಮಾನ ಒಂದಿಷ್ಟು ನೆಲೆ ಕಂಡುಕೊಂಡಿತು.

ಪ್ರಶ್ನೆ: ಏರ್ ಡೆಕ್ಕನ್ ತನ್ನ ಮೊದಲ ಹಾರಾಟವನ್ನು ನಮ್ಮ ಹುಬ್ಬಳ್ಳಿಗೇ ಮಾಡಿತ್ತಲ್ಲವೇ? ಅಂಥ ಊರು ನಡುವೆ ವಿಮಾನವಿಲ್ಲದೆ ಕೂತದ್ದೇಕೆ? ಈಗ ಬೆಳಗಾವಿಯವರು ತಮ್ಮ ವಿಮಾನವನ್ನು ನಾವು ಕಸಿದುಕೊಂಡೆವೆಂದು ದೂರುತ್ತಾರೆ.
— ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು

ಉತ್ತರ: ಹೌದು, ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಆರಂಭವಾದದ್ದು ಬೆಂಗಳೂರು–ಹುಬ್ಬಳ್ಳಿ ಹಾರಾಟದಿಂದ. ಮುಂದೆ ಅದನ್ನು ಕಿಂಗ್‌ಫಿಷರ್ ಕೊಂಡಿತು. ಐದು ವರ್ಷ ದೇಶದೊಳಗೆ ಹಾರಿಸಿದ ಕಂಪನಿಗೆ ಮಾತ್ರ ವಿದೇಶಕ್ಕೆ ಹಾರುವ ಅನುಮತಿ ಎಂಬ ನಿಯಮ ಆಗ ಇತ್ತು. ಡೆಕ್ಕನ್‌ನ ವಯಸ್ಸು ಕಿಂಗ್‌ಫಿಷರ್‌ಗೆ ಬೇಕಾಗಿತ್ತು, ಡೆಕ್ಕನ್‌ನ ಸಣ್ಣ ಊರುಗಳು ಅಷ್ಟಾಗಿ ಬೇಕಾಗಿರಲಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಲಂಡನ್‌ಗೆ ವಿಮಾನ ಹೋಯಿತು. ಡೆಕ್ಕನ್‌ನ ಉಳಿಕೆಯಾದ ಕಿಂಗ್‌ಫಿಷರ್ ರೆಡ್ ಎಂಬ ಅಗ್ಗದ ಸೇವೆಯನ್ನು ಕೈಬಿಡುವುದಾಗಿ 2011ರಲ್ಲಿ ಘೋಷಣೆಯಾಯಿತು. ಇಡೀ ಕಂಪನಿ ನೆಲಕ್ಕಿಳಿದದ್ದು 2012ರ ಅಕ್ಟೋಬರ್‌ನಲ್ಲಿ. ದಿನಾಂಕಗಳ ಈ ಅಂತರವನ್ನು ನೋಡಿ: ಸಂಕಷ್ಟದಲ್ಲಿರುವ ಕಂಪನಿ ಮೊದಲು ಕಳಚಿಕೊಳ್ಳುವುದು ಸಣ್ಣ ಊರನ್ನೇ. ಪತ್ರಿಕೆಗಳಲ್ಲಿ ‘ಕುಸಿತ’ ಎಂದು ದಪ್ಪಕ್ಷರದಲ್ಲಿ ಬರುವ ದಿನಕ್ಕೆ ಮೈಸೂರಿನಂಥ ಊರಿನ ಪಾಲಿಗೆ ಅದು ಹಳೆಯ ಸುದ್ದಿಯಾಗಿರುತ್ತದೆ.

ಬೆಳಗಾವಿಯ ದೂರಿನಲ್ಲೂ ಸತ್ಯಾಂಶವಿದೆ, ಆದರೆ ತಪ್ಪು ಹುಬ್ಬಳ್ಳಿಯದಲ್ಲ. ಉಡಾನ್‌ನ ಎರಡನೆಯ ಸುತ್ತಿನ ಬಳಿಕ 2018ರ ಮೇ ತಿಂಗಳಲ್ಲಿ ಸ್ಪೈಸ್‌ಜೆಟ್ ಬೆಳಗಾವಿಯಿಂದ ಹೊರಟು ಹುಬ್ಬಳ್ಳಿಗೆ ಬಂತು. ಕೈಯಲ್ಲಿರುವ ವಿಮಾನಗಳ ಸಂಖ್ಯೆ ಅಷ್ಟೇ ಇದ್ದು ಒಂದು ಊರಿಗೆ ಸಹಾಯಧನ ಸಿಕ್ಕಿ ಪಕ್ಕದ ಊರಿಗೆ ಸಿಗದಿದ್ದರೆ ವಿಮಾನ ಎತ್ತ ಹೋಗುತ್ತದೆಂದು ಹೇಳಲು ಜ್ಯೋತಿಷಿ ಬೇಕಿಲ್ಲ. ಮುಂದಿನ ಸುತ್ತಿನಲ್ಲಿ ಬೆಳಗಾವಿಯನ್ನೂ ಸೇರಿಸಿದ ಮೇಲೆ ಆ ಊರಿಗೆ ಹಲವು ಮಾರ್ಗಗಳು ಬಂದವು.

ಪ್ರಶ್ನೆ: ನಾವು ವಿರಾಜಪೇಟೆಯವರು, ಮಾಕುಟ್ಟ ಘಾಟಿ ಇಳಿದು ಕಣ್ಣೂರು ನಿಲ್ದಾಣಕ್ಕೆ ಹೋಗುತ್ತೇವೆ. ಗೋ ಫಸ್ಟ್ ನಿಂತ ಮೇಲೆ ಕೊಲ್ಲಿ ದೇಶಗಳ ಟಿಕೆಟ್ ದರ ಕೈಗೆಟುಕದಂತಾಯಿತು. ಅಲ್ಲಿ ದೊಡ್ಡ ರನ್‌ವೇ ಇದೆಯಲ್ಲ, ಬೇರೆ ಕಂಪನಿ ಏಕೆ ಬರಲಿಲ್ಲ?
— ಕೊಡಗಿನಿಂದ

ಉತ್ತರ: ಕಣ್ಣೂರಿನ ರನ್‌ವೇ 3,050 ಮೀಟರ್, ದೊಡ್ಡ ವಿಮಾನಗಳೂ ಇಳಿಯಬಹುದು. ಅಲ್ಲಿ ಅಡ್ಡ ಬಂದದ್ದು ಕಾಗದ. ವಿದೇಶಿ ಕಂಪನಿಗಳು ಭಾರತದ ಯಾವ ಊರುಗಳಿಗೆ ಹಾರಬಹುದೆಂಬುದನ್ನು ಆಯಾ ದೇಶದೊಡನೆ ಮಾಡಿಕೊಂಡ ಒಪ್ಪಂದ ನಿರ್ಧರಿಸುತ್ತದೆ. 2018ರ ಡಿಸೆಂಬರ್‌ನಲ್ಲಿ ತೆರೆದ ಕಣ್ಣೂರು ಆ ಪಟ್ಟಿಯಲ್ಲಿ ಸೇರಲಿಲ್ಲ. ಹಾಗಾಗಿ 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತಾಗ ಎಮಿರೇಟ್ಸ್‌ನಂಥವರು ಆ ಜಾಗ ತುಂಬುವಂತಿರಲಿಲ್ಲ, ಮುಖ್ಯವಾಗಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಮತ್ತು ಇಂಡಿಗೋ ಮಾತ್ರ ಉಳಿದವು.

ಇನ್ನೊಂದು ತೊಡಕೂ ಇತ್ತು. ದಿವಾಳಿ ಪ್ರಕ್ರಿಯೆಯ ತಡೆಯಾಜ್ಞೆಯಿಂದಾಗಿ ಗೋ ಫಸ್ಟ್‌ನ ವಿಮಾನಗಳನ್ನು ಅವುಗಳ ಒಡೆಯರಾದ, ಬಾಡಿಗೆಗೆ ಕೊಟ್ಟ ಕಂಪನಿಗಳು ಸುಮಾರು ಒಂದು ವರ್ಷ ಮುಟ್ಟುವಂತಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ 54 ವಿಮಾನಗಳ ನೋಂದಣಿ ರದ್ದುಪಡಿಸಲು ಆದೇಶಿಸಿದ ಮೇಲೆ ಆ ಗಂಟು ಬಿಚ್ಚಿತು. ಬೇಡಿಕೆ ಹೊರಗೆ, ವಿಮಾನ ಬೀಗದೊಳಗೆ. ಇಂಥದು ಮರುಕಳಿಸದಿರಲೆಂದು 2025ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೇ ಮಾಡಿದೆ. ಅದರಿಂದ ವಿಮಾನ ಬೇಗ ಒಡೆಯನ ಕೈ ಸೇರುತ್ತದೆ, ಆದರೆ ಆ ಒಡೆಯ ಅದನ್ನು ಕಣ್ಣೂರಿಗೇ ಕೊಡಬೇಕೆಂದೇನಿಲ್ಲ.

ಪ್ರಶ್ನೆ: ನಾನು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿರುವ ಕನ್ನಡಿಗ. ಇಲ್ಲಿ ಫ್ಲೈಬಿ ಮುಳುಗಿದಾಗ ಕೆಲವು ಮಾರ್ಗಗಳಿಗೆ ಅದೇ ದಿನ ಬದಲಿ ಘೋಷಣೆಯಾದದ್ದು ಆಶ್ಚರ್ಯ ತಂದಿತ್ತು. ಭಾರತದಲ್ಲಿ ಏಕೆ ಹಾಗಾಗುವುದಿಲ್ಲ?
— ಸೌತಾಂಪ್ಟನ್‌ನಿಂದ

ಉತ್ತರ: ಆ ಘಟನೆಯನ್ನು ಗೊತ್ತಿಲ್ಲದ ಓದುಗರಿಗಾಗಿ: ಎಕ್ಸಿಟರ್ ನಗರದ ಫ್ಲೈಬಿ ಬ್ರಿಟನ್‌ನ ದೇಶೀಯ ಹಾರಾಟಗಳಲ್ಲಿ ಹತ್ತಿರಹತ್ತಿರ ಶೇಕಡ ನಲವತ್ತು ಪಾಲನ್ನು ನಡೆಸುತ್ತಿತ್ತು. ಸೌತಾಂಪ್ಟನ್‌ನಲ್ಲಂತೂ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ವಿಮಾನ ಅದರದ್ದೇ. 2020ರ ಮಾರ್ಚ್ 5ರ ಬೆಳಗಿನ ಜಾವ ಅದು ನಿಂತಿತು. ಅದೇ ದಿನ ಸ್ಕಾಟ್ಲೆಂಡಿನ ಲೋಗನೇರ್ ಫ್ಲೈಬಿಯ 16 ಮಾರ್ಗಗಳನ್ನು ತಾನು ವಹಿಸಿಕೊಳ್ಳುವುದಾಗಿ ಪ್ರಕಟಿಸಿತು, ಈಸ್ಟರ್ನ್ ಏರ್‌ವೇಸ್ ಕೂಡ ಕೆಲವನ್ನು ಹಿಡಿಯಿತು.

ಇದು ಸಾಧ್ಯವಾದದ್ದು ಅಲ್ಲಿ ಪ್ರಾದೇಶಿಕ ವಿಮಾನಗಳನ್ನೇ ಇಟ್ಟುಕೊಂಡ ಹಲವು ಕಂಪನಿಗಳು ಮೊದಲಿನಿಂದ ಇದ್ದುದರಿಂದ. ಲೋಗನೇರ್ 1962ರಿಂದ ದ್ವೀಪಗಳಿಗೆ ಹಾರುತ್ತಿದೆ. ಫ್ಲೈಬಿಯ ನಾಡಿ ಬಹಳ ದಿನಗಳಿಂದ ಕ್ಷೀಣಿಸುತ್ತಿದ್ದುದನ್ನು ನೆರೆಯವರೆಲ್ಲ ನೋಡುತ್ತಿದ್ದರು, ಯಾವ ಹೊಲ ಬೀಳು ಬಿದ್ದರೆ ತಾವು ಉಳಬೇಕೆಂದು ಲೆಕ್ಕ ಹಾಕಿಟ್ಟಿದ್ದರು. ಆದರೆ 16 ಎಂಬ ಸಂಖ್ಯೆ ಫ್ಲೈಬಿಯ ಒಟ್ಟು ಮಾರ್ಗಗಳಲ್ಲಿ ಸಣ್ಣ ಪಾಲು. ಅವು ಅಬರ್ಡೀನ್, ಎಡಿನ್‌ಬರೊ, ನ್ಯೂಕ್ಯಾಸಲ್‌ನಂಥ ಕಡೆಯ ಗಟ್ಟಿ ಮಾರ್ಗಗಳು. ಕೆನೆ ಅದೇ ದಿನ ಹೋಯಿತು, ಉಳಿದ ಹಾಲು ಬಹಳ ಕಾಲ ಪಾತ್ರೆಯಲ್ಲೇ ಇತ್ತು. ಎರಡು ವಾರದಲ್ಲಿ ಕೋವಿಡ್ ಬಂದು ಎಲ್ಲರ ಲೆಕ್ಕವನ್ನೂ ಕೆಡಿಸಿತು.

ಬದಲಿಯಾಗಿ ಬಂದವರು ಏನಾದರು ಎಂಬುದು ಇನ್ನೂ ಕುತೂಹಲದ ಸಂಗತಿ. ಏರ್ ಲಿಂಗಸ್ ರೀಜನಲ್ ಹೆಸರಿನಲ್ಲಿ ಹಾರಿಸುತ್ತಿದ್ದ ಸ್ಟೋಬಾರ್ಟ್ ಏರ್ 2021ರ ಜೂನ್‌ನಲ್ಲಿ ನಿಂತಿತು. ಫ್ಲೈಬಿ ಹೆಸರನ್ನೇ ಕೊಂಡು 2022ರ ಏಪ್ರಿಲ್‌ನಲ್ಲಿ ಮತ್ತೆ ಎದ್ದ ಹೊಸ ಕಂಪನಿ 2023ರ ಜನವರಿಯಲ್ಲಿ ಮಲಗಿತು. ಈಸ್ಟರ್ನ್ ಏರ್‌ವೇಸ್ 2025ರ ಅಕ್ಟೋಬರ್ ಕೊನೆಗೆ ನಿಂತಿತು. ಸೌತಾಂಪ್ಟನ್‌ನಿಂದ ಜರ್ಸಿ, ಗರ್ನ್ಸಿ ದ್ವೀಪಗಳಿಗೆ ಹಾರುತ್ತಿದ್ದ ಬ್ಲೂ ಐಲ್ಯಾಂಡ್ಸ್, 2020ರಲ್ಲಿ ಜರ್ಸಿ ಸರ್ಕಾರದಿಂದ 85 ಲಕ್ಷ ಪೌಂಡ್ ಸಾಲದ ಆಸರೆ ಪಡೆದಿದ್ದರೂ, 2025ರ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ಹಲವು ಸಲ ಲೋಗನೇರ್ ಬಂದು ಒಂದಷ್ಟನ್ನು ಎತ್ತಿಕೊಳ್ಳುತ್ತದೆ. ಅದೊಂದು ಎಡವಿದರೆ ಎತ್ತಿಕೊಳ್ಳುವವರು ಯಾರೆಂಬ ಪ್ರಶ್ನೆ ಬ್ರಿಟನ್‌ನಲ್ಲೂ ಇದೆ.

ನಿಮ್ಮ ಊರಿನದೇ ಒಂದು ಮಾತು. ಸೌತಾಂಪ್ಟನ್ ರನ್‌ವೇಯೂ ಮಂಡಕಳ್ಳಿಯಷ್ಟೇ ಗಿಡ್ಡ, 1,723 ಮೀಟರ್ ಇತ್ತು. ಫ್ಲೈಬಿ ಹೋದ ಮೇಲೆ ನಿಲ್ದಾಣದವರು ಬೇರೆ ಪ್ರಾದೇಶಿಕ ಕಂಪನಿಗಾಗಿ ಕಾದು ಕೂರುವುದರ ಜೊತೆಗೆ ರನ್‌ವೇಗೆ 164 ಮೀಟರ್ ಸೇರಿಸಿದರು. ದೊಡ್ಡ ಜೆಟ್‌ಗಳು ಬರಲೆಂಬುದು ಅದರ ಉದ್ದೇಶ. ಮೈಸೂರಿನ ಓದುಗರು ಇದನ್ನು ಕತ್ತರಿಸಿ ಇಟ್ಟುಕೊಳ್ಳಬಹುದು.

ಪ್ರಶ್ನೆ: ಬದಲಿ ಸಿಗುವವರೆಗೆ ಹಾರಾಟ ನಿಲ್ಲಿಸಬಾರದೆಂದು ಸರ್ಕಾರ ಕಟ್ಟಪ್ಪಣೆ ಮಾಡಲಾಗದೇ?
— ಹಾಸನದ ನಿವೃತ್ತ ಶಿಕ್ಷಕರೊಬ್ಬರು

ಉತ್ತರ: ಮಾಡಬಹುದು, ಮಾಡಿದವರಿದ್ದಾರೆ. ಅಮೆರಿಕ 1978ರಲ್ಲಿ ವಿಮಾನಯಾನವನ್ನು ನಿಯಂತ್ರಣದಿಂದ ಬಿಡುಗಡೆ ಮಾಡಿದಾಗಲೇ ಸಣ್ಣ ಊರುಗಳಿಗೆ ಅಗತ್ಯ ವಿಮಾನ ಸೇವೆ ಎಂಬ ಯೋಜನೆ ತಂದಿತು. ಅದರಡಿ ಕಂಪನಿ ಹೊರಹೋಗಬೇಕಾದರೆ 90 ದಿನ ಮುಂಚೆ ತಿಳಿಸಬೇಕು, ಬದಲಿ ಸಿಗದಿದ್ದರೆ ಹಾರಾಟ ಮುಂದುವರಿಸುವಂತೆ ಸಾರಿಗೆ ಇಲಾಖೆ ಆದೇಶಿಸಬಹುದು. 2022ರಲ್ಲಿ ಸ್ಕೈವೆಸ್ಟ್ ಕಂಪನಿ ಪೈಲಟ್‌ಗಳ ಕೊರತೆಯ ಕಾರಣ ಕೊಟ್ಟು 29 ಊರುಗಳಿಂದ ಹಿಂದೆ ಸರಿಯುವೆನೆಂದಾಗ ಇಲಾಖೆ ಇದೇ ಅಧಿಕಾರ ಬಳಸಿ ತಡೆದು, ಒಂದೊಂದೇ ಊರಿಗೆ ಬದಲಿ ಹುಡುಕಿತು. ಯುರೋಪಿನ ನಿಯಮದಲ್ಲಿ ಇನ್ನೊಂದು ದಾರಿಯಿದೆ. ಸರ್ಕಾರದ ಕರಾರಿನಡಿ ಹಾರುತ್ತಿದ್ದ ಕಂಪನಿ ಹಠಾತ್ತನೆ ನಿಂತರೆ, ಹೊಸ ಟೆಂಡರ್ ಮುಗಿಯುವವರೆಗೆ ಗರಿಷ್ಠ ಏಳು ತಿಂಗಳ ಮಟ್ಟಿಗೆ ಬೇರೊಬ್ಬರನ್ನು ನೇರವಾಗಿ ಆರಿಸಿಕೊಳ್ಳಬಹುದು. ಉಡಾನ್‌ಗೆ ಇಂಥದೊಂದು ತುರ್ತು ಬಾಗಿಲು ಇದ್ದರೆ ಬೀದರ್, ಜಳಗಾಂವ್‌ಗಳ ಕಾಯುವಿಕೆ ಕಡಿಮೆಯಾಗಬಹುದೆಂದು ನನ್ನ ಅಭಿಪ್ರಾಯ.

ಆದರೆ ಅಪ್ಪಣೆಗೂ ಮಿತಿಯಿದೆ. ಇಷ್ಟವಿಲ್ಲದ ಕಂಪನಿಯನ್ನು ಹಿಡಿದು ನಿಲ್ಲಿಸಬಹುದು, ಇಂಧನಕ್ಕೂ ದುಡ್ಡಿಲ್ಲದ ಕಂಪನಿಯನ್ನು ಅಲ್ಲ. ಅಂಥಲ್ಲಿ ಸರ್ಕಾರವೇ ಹಣ ಹಾಕಬೇಕು. ಆಸ್ಟ್ರೇಲಿಯಾದಲ್ಲಿ 2024ರ ಜುಲೈನಲ್ಲಿ ರೆಕ್ಸ್ ಎಂಬ ಪ್ರಾದೇಶಿಕ ವಿಮಾನ ಕಂಪನಿ ದಿವಾಳಿಯ ಆಡಳಿತಕ್ಕೆ ಒಳಪಟ್ಟಾಗ ರಾಜಧಾನಿಗಳ ನಡುವಿನ ಬೋಯಿಂಗ್ ಹಾರಾಟಗಳನ್ನು ನಿಲ್ಲಿಸಿ, ದೂರದ ಹಳ್ಳಿಪಟ್ಟಣಗಳಿಗೆ ಹೋಗುವ 34 ಆಸನಗಳ ಸಾಬ್ ವಿಮಾನಗಳನ್ನು ಮಾತ್ರ ಉಳಿಸಿಕೊಂಡರು. ಕೇಂದ್ರ ಸರ್ಕಾರ ಆ ಟಿಕೆಟ್‌ಗಳಿಗೆ ಖಾತರಿ ಕೊಟ್ಟಿತು, 8 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ಸಾಲವನ್ನೂ ಕೊಟ್ಟಿತು. ರೆಕ್ಸ್‌ನ ಹುಟ್ಟೂ ಒಂದು ಕುಸಿತದಿಂದಲೇ ಆದದ್ದು: 2001ರ ಸೆಪ್ಟೆಂಬರ್‌ನಲ್ಲಿ ಆನ್ಸೆಟ್ ಎಂಬ ಅಲ್ಲಿನ ದೊಡ್ಡ ವಿಮಾನ ಕಂಪನಿ ಮುಳುಗಿದಾಗ ಅದರ ಎರಡು ಪ್ರಾದೇಶಿಕ ಅಂಗಗಳನ್ನು ಚೂರಾಗಲು ಬಿಡದೆ, ವಿಮಾನ, ಪೈಲಟ್, ಮಾರ್ಗಗಳ ಸಮೇತ ಒಟ್ಟಿಗೆ ಮಾರಿದ್ದರಿಂದ 2002ರಲ್ಲಿ ಅದು ರೂಪುಗೊಂಡಿತು. ಮೊದಲ ಪತ್ರದಲ್ಲಿ ಹೇಳಿದ ನಾಲ್ಕು ದಿಕ್ಕಿನ ಚೆದುರುವಿಕೆಯನ್ನು ತಡೆದ ಅಪರೂಪದ ಉದಾಹರಣೆ ಇದು.

ನಮ್ಮಲ್ಲಿ ಅಪ್ಪಣೆಗೆ ಹತ್ತಿರವಾದದ್ದು 1994ರ ಮಾರ್ಗ ಹಂಚಿಕೆಯ ನಿಯಮ. ದೊಡ್ಡ ನಗರಗಳ ನಡುವೆ ಹಾರುವ ಕಂಪನಿ ಆ ಸಾಮರ್ಥ್ಯದ ಶೇಕಡ 10ರಷ್ಟನ್ನಾದರೂ ಈಶಾನ್ಯ, ಕಾಶ್ಮೀರ, ಅಂಡಮಾನ್‌ನಂಥ ಕಡೆ ಹಾರಿಸಬೇಕು. ಅದು ಊರಿನ ಹೆಸರು ಹೇಳಿ ಕಟ್ಟಿಹಾಕುವುದಿಲ್ಲ, ಬೀದರ್–ಜಳಗಾಂವ್‌ಗಳಿಗೆ ಅದರಿಂದ ಪ್ರಯೋಜನವಿಲ್ಲ.

ಪ್ರಶ್ನೆ: ನಿಂತುಹೋದ ಕಂಪನಿಯ ಟಿಕೆಟ್ ನನ್ನಲ್ಲಿತ್ತು. ಅದೇ ಮಾರ್ಗಕ್ಕೆ ಬಂದ ಹೊಸ ಕಂಪನಿಯ ಕೌಂಟರ್‌ನಲ್ಲಿ ತೋರಿಸಿದರೆ ನಕ್ಕು ಕಳಿಸಿದರು. ಇದು ನ್ಯಾಯವೇ?
— ಬಳ್ಳಾರಿಯಿಂದ

ಉತ್ತರ: ನಕ್ಕದ್ದು ಅನ್ಯಾಯ, ಟಿಕೆಟ್ ಒಪ್ಪದೆ ಇದ್ದದ್ದು ಅಲ್ಲ. ಹೊಸಬರು ಹಾರುವುದು ಅದೇ ಆಕಾಶದಲ್ಲಾದರೂ ಹಳಬರ ಸಾಲವನ್ನು ಅವರು ಹೊತ್ತುಕೊಂಡಿರುವುದಿಲ್ಲ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿದ್ದರೆ ನಿಮ್ಮ ಟಿಕೆಟ್ ಹಣವೂ ಒಂದು ಬಾಕಿ. ನಿಗದಿತ ದಿನಾಂಕದೊಳಗೆ ಅರ್ಜಿ ಹಾಕಬಹುದು, ಸಾಲಿನಲ್ಲಿ ಬ್ಯಾಂಕುಗಳು ನಿಮಗಿಂತ ಬಹಳ ಮುಂದಿರುತ್ತವೆ. ಕ್ರೆಡಿಟ್ ಕಾರ್ಡಿನಲ್ಲಿ ಹಣ ಕಟ್ಟಿದ್ದರೆ ಕೂಡಲೇ ಕಾರ್ಡ್ ಕೊಟ್ಟ ಬ್ಯಾಂಕಿಗೆ ಸೇವೆ ಸಿಗಲಿಲ್ಲವೆಂದು ಲಿಖಿತವಾಗಿ ದೂರು ಕೊಡಿ, ಟಿಕೆಟ್ಟಿನ ಪ್ರತಿ ಮತ್ತು ಹಾರಾಟ ರದ್ದಾದ ಸಂದೇಶ ಎರಡನ್ನೂ ಲಗತ್ತಿಸಿ. ಈ ದೂರಿಗೂ ಗಡುವು ಇರುತ್ತದೆ, ಆದ್ದರಿಂದ ಕಂಪನಿ ಮತ್ತೆ ಎದ್ದೀತೆಂದು ಕಾಯಬೇಡಿ.